ಮೇಲೆ ಮಂಜುಗಡ್ಡೆ, ಕೆಳಗೆ ಸೆಕೆ

ಫ್ರೀಜರಿನಲ್ಲಿ ಮಂಜುಗಡ್ಡೆ ಕಟ್ಟುತ್ತಿದ್ದರೂ ಕೆಳಗಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿ ಬಂದು ಉಕ್ಕುತ್ತಿದ್ದರೆ, ಫ್ರಿಜ್ಜನ್ನು ತಂಪು ಮಾಡುವ ಗ್ಯಾಸ್ ಮುಗಿದಿದೆ ಎಂಬ ರಿಪೇರಿಯವರ ಮಾತನ್ನು ಒಪ್ಪಿಕೊಳ್ಳುವ ಮೊದಲು ಗಾಳಿಯ ದಾರಿಯನ್ನು ನೋಡಬೇಕು. ಫ್ರಾಸ್ಟ್ ಫ್ರೀ, ಅಂದರೆ ಹಿಮವನ್ನು ತಾವೇ ಕರಗಿಸಿಕೊಳ್ಳುವ ಫ್ರಿಜ್‌ಗಳಲ್ಲಿ ಸಾಮಾನ್ಯವಾಗಿ ತಂಪು ಹುಟ್ಟುವುದು ಫ್ರೀಜರಿನ ಹಿಂಬದಿಯ ಸುರುಳಿಯಲ್ಲಿ. ಅಲ್ಲಿಂದ ಸಣ್ಣದೊಂದು ಫ್ಯಾನ್ ಅದನ್ನು ಕೆಳಕ್ಕೆ ತಳ್ಳುತ್ತದೆ. ಹಿಮ ಕರಗಿಸುವ ಹೀಟರ್ ಕೆಟ್ಟರೆ ಸುರುಳಿಯ ಮೇಲೆ ಹಿಮ ದಪ್ಪವಾಗಿ ಕೂತು ಆ ದಾರಿ ಮುಚ್ಚಿಹೋಗುತ್ತದೆ. ನಮ್ಮ ಮನೆಯಲ್ಲಿ ಪ್ಲಗ್ ತೆಗೆದು, ಬಾಗಿಲು ತೆರೆದು, ಇಡೀ ದಿನ ಬಿಟ್ಟು ಹಿಮ ಕರಗಿದ ಮೇಲೆ ಪ್ಲಗ್ ಹಾಕಿದಾಗ ತಂಪು ಮರಳಿ, ಕೆಲವೇ ದಿನಗಳಲ್ಲಿ ಮತ್ತೆ ಹೋಯಿತು. ಹೀಗೆ ಮರುಕಳಿಸಿದ್ದರಿಂದಲೇ ಹೀಟರಿನ ಮೇಲಿನ ಸಂಶಯ ಗಟ್ಟಿಯಾಯಿತು. ಗ್ಯಾಸ್ ಮುಚ್ಚಿದ ಕೊಳವೆಯೊಳಗೇ ಸುತ್ತುವುದರಿಂದ ಸೋರದೆ ಖಾಲಿಯಾಗುವುದಿಲ್ಲ. ಸೋರಿಕೆ ಎಲ್ಲಿದೆಯೆಂದು ತೋರಿಸದೆ ಗ್ಯಾಸ್ ತುಂಬಿಸಲು ಹೊರಡುವವರನ್ನು ನಾನು ನಂಬುವುದಿಲ್ಲ.