ರಾತ್ರಿ ಶಾಲೆಯ ಹತ್ತನೇ ಕ್ಲಾಸ್ ಲೆಕ್ಕ: ಕೆಲಸ ಎಲ್ಲಿಗೆ ಬಂತು

ಮುಂಬೈನ ಒಂದು ಕನ್ನಡ ರಾತ್ರಿ ಶಾಲೆಯ ಹಳೇ ಜನರಲ್ ರಿಜಿಸ್ಟರುಗಳನ್ನು (ಶಾಲೆಗೆ ಸೇರಿದವರ, ಬಿಟ್ಟವರ ದಾಖಲೆ ಪುಸ್ತಕ) ಕಂಪ್ಯೂಟರಿಗೆ ಹಾಕುವ ಕೆಲಸ ಒಂದು ಹದಕ್ಕೆ ಬಂದಿದೆ. ಹೆಸರುಗಳನ್ನೆಲ್ಲ ತೆಗೆದು ಬರೀ ರಿಜಿಸ್ಟರ್ ನಂಬರ್ ಇಟ್ಟುಕೊಂಡಿದ್ದೇನೆ. ನನಗೆ ಬೇಕಾಗಿರುವುದು ಒಂದೇ ಉತ್ತರ. ಎಂಟನೇ ಕ್ಲಾಸಿಗೆ ಬಂದು ಸೇರಿದವರಲ್ಲಿ ಎಷ್ಟು ಜನ ಹತ್ತನೇ ಕ್ಲಾಸ್ ಮುಗಿಸಿದರು?

ಬೋರ್ಡ್ ರಿಸಲ್ಟ್ ನೋಡಿದರೆ ಸಾಕಲ್ವಾ ಅಂತ ಗೆಳೆಯರು ಕೇಳುತ್ತಾರೆ. ಸಾಲದು. ಮಹಾರಾಷ್ಟ್ರದ ಎಸ್‌ಎಸ್‌ಸಿ, ಅಂದರೆ ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಯ ಫಲಿತಾಂಶವನ್ನೇ ನೋಡಿ: 2018ರಲ್ಲಿ ಶೇ. 89.41, 2019ರಲ್ಲಿ 77.10, 2020ರಲ್ಲಿ 95.30, 2021ರಲ್ಲಿ 99.95. ಮಕ್ಕಳ ಓದು ವರ್ಷ ವರ್ಷಕ್ಕೆ ಹೀಗೆ ಬಿದ್ದು ಎದ್ದು ಮಾಡುವುದಿಲ್ಲ. 2019ರಲ್ಲಿ ಭಾಷಾ ವಿಷಯಗಳಿಗೆ ಶಾಲೆಯೇ ಕೊಡುತ್ತಿದ್ದ 20 ಆಂತರಿಕ ಅಂಕಗಳನ್ನು ತೆಗೆದಿದ್ದರು, ಮರುವರ್ಷ ವಾಪಸ್ ತಂದರು. 2020ರಲ್ಲಿ ಕೊರೊನಾದಿಂದ ಭೂಗೋಳದ ಪೇಪರೇ ನಡೆಯಲಿಲ್ಲ, 2021ರಲ್ಲಂತೂ ಪರೀಕ್ಷೆಯೇ ಇರಲಿಲ್ಲ. ಹಾಗಾಗಿ ಈ ಶೇಕಡಾ ಏರಿದ್ದು ಇಳಿದದ್ದು ಹೆಚ್ಚಾಗಿ ನಿಯಮ ಬದಲಾದದ್ದಕ್ಕೆ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಪಾಸಾದವರ ಶೇಕಡಾ ತೆಗೆಯುವಾಗ ಕೆಳಗಿನ ಸಂಖ್ಯೆ ಪರೀಕ್ಷೆಗೆ ಕೂತವರದ್ದು. ಎಂಟನೇ ಕ್ಲಾಸಿಗೆ 40 ಜನ ಸೇರಿದರು, ಪರೀಕ್ಷೆಗೆ 18 ಜನ ಕೂತರು, 17 ಜನ ಪಾಸಾದರು ಅಂತ ಸುಮ್ನೆ ಇಟ್ಟುಕೊಳ್ಳಿ. ಫಲಿತಾಂಶ ಶೇ. 94. ಶಾಲೆಗೆ ಅಭಿನಂದನೆ, ಹಾರ ಎಲ್ಲ ಆಗುತ್ತದೆ. ಆದರೆ ನಡುವೆ ಬಿಟ್ಟುಹೋದ 22 ಜನ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಗಲು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು ಸಂಜೆ ಕ್ಲಾಸಿಗೆ ಬರುತ್ತಿದ್ದ ಹುಡುಗರು ಇವರು. ನನಗೆ ಇವರದ್ದೇ ಚಿಂತೆ.

ಇದಕ್ಕೆ ಒಂದು ದಾರಿ ಅಮೆರಿಕದ ಪದ್ಧತಿಯಲ್ಲಿ ಸಿಕ್ಕಿತು. ಅಲ್ಲಿ ಒಂಬತ್ತನೇ ಕ್ಲಾಸಿಗೆ ಮೊದಲ ಸಲ ಬಂದವರನ್ನು ಒಂದು ತಂಡ ಅಂತ ಹಿಡಿಯುತ್ತಾರೆ. ಆಮೇಲೆ ಬಂದು ಸೇರಿದವರನ್ನು ಕೂಡಿಸುತ್ತಾರೆ. ಬೇರೆ ಶಾಲೆಗೆ ಹೋದವರು, ದೇಶ ಬಿಟ್ಟವರು, ತೀರಿಕೊಂಡವರನ್ನು ಕಳೆಯುತ್ತಾರೆ. ನಾಲ್ಕು ವರ್ಷದಲ್ಲಿ ಡಿಪ್ಲೊಮಾ (ಅಲ್ಲಿ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ) ಪಡೆದವರನ್ನು ಆ ಸಂಖ್ಯೆಯಿಂದ ಭಾಗಿಸುತ್ತಾರೆ. ಹೀಗೆ ಲೆಕ್ಕ ಹಾಕಿದಾಗ ಇಡೀ ದೇಶದ ದರ 2010-11ರಲ್ಲಿ ಶೇ. 79, 2021-22ರಲ್ಲಿ ಶೇ. 87. ಇದನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಅಲಬಾಮಾ ರಾಜ್ಯದ ದರ 2011ರಲ್ಲಿ 72 ಇದ್ದದ್ದು 2015ಕ್ಕೆ 89 ಆಯಿತು, ಆದರೆ 2016ರ ಡಿಸೆಂಬರಿನಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯೇ ಈ ಅಂಕಿ ಸರಿಯಿಲ್ಲ ಅಂತ ಒಪ್ಪಿಕೊಂಡಿತು. ಲೆಕ್ಕಕ್ಕೆ ಬರದ ಬೇರೆ ಬಗೆಯ ಡಿಪ್ಲೊಮಾ ಪಡೆದವರನ್ನೂ ಸೇರಿಸಿದ್ದರು.

ಅಲ್ಲಿಯ ಒಂದು ನಿಯಮ ನನಗೆ ತುಂಬಾ ಹಿಡಿಸಿತು. ಹುಡುಗ ಬೇರೆ ಶಾಲೆಗೆ ಹೋದ ಅಂತ ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ, ಬರಹದ ದಾಖಲೆ ಬೇಕು. ನಮ್ಮಲ್ಲಿ ಎಲ್‌ಸಿ (ಶಾಲೆ ಬಿಡುವಾಗ ಕೊಡುವ ಲೀವಿಂಗ್ ಸರ್ಟಿಫಿಕೇಟ್) ಇದೆ, ಆದರೆ ಎಲ್‌ಸಿ ತೆಗೆದುಕೊಂಡವರೆಲ್ಲ ಇನ್ನೊಂದು ಶಾಲೆಗೆ ಸೇರಿದರು ಅಂತ ಹೇಳಲಾಗದು. ಊರಿಗೆ ಹೋದವರು, ಕೆಲಸಕ್ಕೆ ನಿಂತವರು ಜಾಸ್ತಿ. ಅದಕ್ಕೇ ಹೊಸ ಶಾಲೆಯಿಂದ ಪತ್ರ ಬಂದಿದ್ದರೆ ಮಾತ್ರ ಕಳೆಯುತ್ತಿದ್ದೇನೆ. ಉಳಿದವರು ತಂಡದಲ್ಲೇ ಇರುತ್ತಾರೆ. ದರ ಕಡಿಮೆ ಕಾಣುತ್ತದೆ, ಕಾಣಲಿ.

17 ನಂಬರ್ ಫಾರ್ಮ್ ತುಂಬಿ ಖಾಸಗಿಯಾಗಿ ಪರೀಕ್ಷೆ ಬರೆದವರದ್ದು ಬೇರೆ ಕಥೆ. ಎರಡು ಮೂರು ವರ್ಷ ಬಿಟ್ಟು ಮತ್ತೆ ಓದಿ ಪಾಸಾದವನನ್ನು ಬಿಟ್ಟುಹೋದವರ ಪಟ್ಟಿಯಲ್ಲಿ ಇಡಲು ಮನಸ್ಸಾಗುವುದಿಲ್ಲ. ಹಾಗಂತ ಮೂರೇ ವರ್ಷದಲ್ಲಿ ಮುಗಿಸಿದವರ ಜೊತೆ ಸೇರಿಸಿದರೆ ಲೆಕ್ಕ ಕಲಸಿಹೋಗುತ್ತದೆ. ಎರಡು ಕಾಲಂ ಮಾಡಿದ್ದೇನೆ: ಮೂರು ವರ್ಷದ ದರ, ಆರು ವರ್ಷದ ದರ. ಜುಲೈ ಪೂರಕ ಪರೀಕ್ಷೆಯಲ್ಲಿ ಪಾಸಾದವರು ಮೊದಲ ಕಾಲಂಗೇ ಬರುತ್ತಾರೆ, ಅವರ ವರ್ಷ ಹಾಳಾಗಿಲ್ಲವಲ್ಲ.

ಇನ್ನೊಂದು ಮಾತು. ಒಂದು ತಂಡದಲ್ಲಿ ಮೂವತ್ತು ನಲವತ್ತು ಜನ ಇದ್ದರೆ ಒಬ್ಬ ಹುಡುಗನಿಂದಲೇ ದರ ಎರಡು ಮೂರು ಅಂಶ ಆಚೀಚೆ ಆಗುತ್ತದೆ. ಅದಕ್ಕೇ ಒಂದೊಂದು ವರ್ಷದ ಶೇಕಡಾ ಹಾಕದೆ ಐದೈದು ವರ್ಷ ಕೂಡಿಸಿ, ಪಕ್ಕದಲ್ಲೇ ತಲೆ ಎಣಿಕೆಯನ್ನೂ ಕೊಡುತ್ತೇನೆ.

ಮುಂದಿನ ಕೆಲಸ, ಬಿಟ್ಟವರು ಯಾವ ತಿಂಗಳಲ್ಲಿ ಬಿಟ್ಟರು ಅಂತ ಹಾಜರಿ ಪುಸ್ತಕದಿಂದ ತೆಗೆಯುವುದು. ದೀಪಾವಳಿ ರಜೆಗೆ ಊರಿಗೆ ಹೋದವರು ತಿರುಗಿ ಬರಲಿಲ್ಲವೇ, ಅಥವಾ ಪರೀಕ್ಷೆಯ ಫಾರ್ಮ್ ತುಂಬುವ ಹೊತ್ತಿಗೆ ಕೈಬಿಟ್ಟರೇ, ಇದು ಗೊತ್ತಾದರೆ ಶಾಲೆಯವರು ಯಾವಾಗ ಫೋನ್ ಮಾಡಿ ವಿಚಾರಿಸಬೇಕು ಅಂತ ಹೇಳಬಹುದು.