ಹಳೇ ಥಿಯೇಟರ್‌ಗೆ ಫಾಲ್ಸ್ ಸೀಲಿಂಗ್ ಹಾಕಿದ್ರೆ ಮುಗೀತಲ್ವಾ?

ಮುಂಬಯಿಯಲ್ಲಿ ನನ್ನದು ಇಂಟೀರಿಯರ್ ಕೆಲಸ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ನೋಡಿ ಹೊರಗೆ ಬಂದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಚರ್ನಿ ರೋಡ್ ಹತ್ತಿರದ ಆ ರಾಯಲ್ ಆಪೆರಾ ಹೌಸ್ ರಿಪೇರಿಗೆ ಅಷ್ಟು ವರ್ಷ ಯಾಕೆ ಮಾರಾಯ್ರೆ? ಫಾಲ್ಸ್ ಸೀಲಿಂಗ್ ಹಾಕಿ, ಬಣ್ಣ ಹೊಡೆದು, ಏಸಿ ಕೂರಿಸಿದ್ರೆ ಮುಗೀತಲ್ವಾ?"

ಮುಗಿಯುತ್ತಿತ್ತು. ಥಿಯೇಟರೇ ಮುಗಿಯುತ್ತಿತ್ತು.

ಆ ಕೆಲಸದಲ್ಲಿ ನಾನಿರಲಿಲ್ಲ. ಆದರೆ ಕಷ್ಟ ಎಲ್ಲಿದೆ ಅಂತ ಗೊತ್ತು. 1911ರಲ್ಲಿ ಐದನೇ ಜಾರ್ಜ್ ಉದ್ಘಾಟಿಸಿದಾಗ ಕಟ್ಟಡ ಇನ್ನೂ ಪೂರ್ತಿಯಾಗಿರಲಿಲ್ಲ. ಆಗ ಮೈಕ್ ಎಲ್ಲಿತ್ತು? ನಟನ ದನಿ ಗ್ಯಾಲರಿಯ ಕೊನೆಯವನಿಗೂ ಮುಟ್ಟಬೇಕಿತ್ತು. ಮೇಲಿನ ಗುಮ್ಮಟ, ಬಾಲ್ಕನಿಯ ಬಾಗು, ಗೋಡೆಯ ಗಾರೆಯ ಹೂಬಳ್ಳಿ ಇವೆಲ್ಲ ಬರೀ ಚಂದಕ್ಕಲ್ಲ. ಉಬ್ಬುತಗ್ಗುಗಳು ಸದ್ದನ್ನು ಚದುರಿಸಿ ಎಲ್ಲ ಕಡೆ ಹಂಚುತ್ತವೆ. ಅದರ ಕೆಳಗೆ ಸಪಾಟಾದ ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ಹೊಡೆದರೆ ಮರಾಠಿ ರಂಗಭೂಮಿಯ ಗಾಯಕ ನಟ ಬಾಲ ಗಂಧರ್ವರು ಹಾಡಿದ ಹಾಲ್‌ನಲ್ಲಿ ಸ್ಪೀಕರ್ ಇಲ್ಲದೆ ಏನೂ ಕೇಳಿಸದು.

ಬಣ್ಣದ್ದು ಇನ್ನೊಂದು ಕತೆ. ಹಳೇ ಗೋಡೆಗೆ ರೋಲರ್ ಮುಟ್ಟಿಸುವ ಮುಂಚೆ ಮೂಲೆಯಲ್ಲಿ ಉಗುರಗಲ ಜಾಗವನ್ನು ಬ್ಲೇಡಿನಿಂದ ಕೆರೆಯುತ್ತೇವೆ. ಮೇಲೆ ಎಣ್ಣೆ ಬಣ್ಣ, ಕೆಳಗೆ ಡಿಸ್ಟೆಂಪರ್, ಅದರ ಕೆಳಗೆ ಇನ್ನೊಂದು, ಕೊನೆಗೆ ಸುಣ್ಣ. ಒಂದೊಂದು ಪದರವೂ ಒಬ್ಬೊಬ್ಬ ಮಾಲೀಕನ ರುಚಿ. ಜೋರಾಗಿ ಕೆರೆದರೆ ಮೂಲ ಬಣ್ಣವೇ ಪುಡಿಯಾಗಿ ಕೈಗೆ ಬರುತ್ತದೆ. ಇಲ್ಲಿ ಅವಸರ ನಡೆಯಲ್ಲ.

ಮತ್ತೆ ಮುಂಬಯಿ ಮಳೆ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಉಳಿದು, ಎರಡು ಮಳೆಗಾಲದಲ್ಲಿ ಗೋಡೆ ಉಬ್ಬುತ್ತದೆ. ಕಂಟ್ರಾಕ್ಟರ್‌ಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ಸಿಮೆಂಟ್ ಸುಲಭ, ಅಷ್ಟೇ.

ಏಸಿ ಬೇಕೇ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಸಣ್ಣ ಡಕ್ಟ್‌ನಲ್ಲಿ, ಅಂದರೆ ತಣ್ಣನೆ ಗಾಳಿ ಸಾಗಿಸುವ ಕೊಳವೆಯಲ್ಲಿ, ಗಾಳಿ ಜೋರಾಗಿ ನುಗ್ಗಿದರೆ ಗುಂಯ್ ಅನ್ನುತ್ತದೆ. ಅಗಲದ ಡಕ್ಟ್‌ನಲ್ಲಿ ನಿಧಾನಕ್ಕೆ ಬಿಡಬೇಕು. ಆ ಅಗಲದ ಡಕ್ಟ್ ಕಣ್ಣಿಗೂ ಬೀಳಬಾರದು! ವೈರಿಂಗ್, ಬೆಂಕಿ ಆರಿಸುವ ಪೈಪು, ಸ್ಟೇಜ್ ಲೈಟು ಎಲ್ಲಕ್ಕೂ ಇದೇ ಪಾಡು. ಹಣ, ಸಮಯ ಜಾಸ್ತಿ ಹೋಗುವುದೇ ಹೀಗೆ ಬಚ್ಚಿಡುವುದಕ್ಕೆ.

ಸಿನಿಮಾ ಟಾಕೀಸಾಗಿ, 1993ರಲ್ಲಿ ಬಾಗಿಲು ಹಾಕಿಕೊಂಡಿದ್ದ ಈ ಕಟ್ಟಡವನ್ನು ಹಳೇ ಕಟ್ಟಡಗಳನ್ನು ಉಳಿಸುವ ವಾಸ್ತುಶಿಲ್ಪಿ ಆಭಾ ನಾರೈನ್ ಲಾಂಬಾ ಅವರ ತಂಡ ಸರಿಮಾಡಿತು. 2016ರ ಅಕ್ಟೋಬರ್‌ನಲ್ಲಿ ಮತ್ತೆ ತೆರೆಯಿತು. ಮರುವರ್ಷ ಯುನೆಸ್ಕೊ ಪ್ರಶಸ್ತಿಯೂ ಬಂತು. ಈಗ ಸೀಟು ಸುಮಾರು 575. ಈ ಸೀಟುಗಳ ಮೇಲೆ ಇಷ್ಟು ಖರ್ಚು ಟಿಕೆಟ್‌ನಿಂದ ಹುಟ್ಟುತ್ತಾ ಅಂತ ಕೇಳಿ, ಅದು ಸರಿಯಾದ ಪ್ರಶ್ನೆ. ಟಿಕೆಟ್ ಒಂದರಿಂದಲೇ ಹುಟ್ಟುವುದು ಕಷ್ಟ. ಮಾಲೀಕರಾದ ಗುಜರಾತಿನ ಗೊಂಡಲ್ ರಾಜಮನೆತನ ಮಾರಿ ಕೈತೊಳೆದುಕೊಳ್ಳಬಹುದಿತ್ತು. ಗಿರಗಾಂವ್ ಹತ್ತಿರದ ಜಾಗಕ್ಕೆ ಬಿಲ್ಡರ್‌ಗಳು ಕ್ಯೂ ನಿಲ್ಲುತ್ತಿರಲಿಲ್ಲವೇ?