ಕಳೆದ ಒಂದು ಎಲ್ಲಿ ಹೋಯ್ತು?

ಒಂದು ದೊಡ್ಡ ಸಂಖ್ಯೆಯನ್ನು ತೋರಿಸಿ, ಅದರ ಅಪವರ್ತನಗಳನ್ನು ತಾನೇ ಹುಡುಕುವ ಪೆಟ್ಟಿಗೆ ಮಾಡುತ್ತಿದ್ದೇನೆ. ನಾಲ್ಕು ರಾತ್ರಿ ನಿದ್ದೆ ಕೆಡಿಸಿದ ಅದರ ತಪ್ಪು ಇವತ್ತು ಬೆಳಗ್ಗೆ ಸಿಕ್ಕಿತು.

ವೈರಿಂಗ್, ಬೆಸುಗೆ ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ 8 ಅಂಕಿಯ ಮೂರು ಸೆವೆನ್ ಸೆಗ್ಮೆಂಟ್ (ಏಳು ಗೆರೆಗಳಲ್ಲಿ ಅಂಕಿ ತೋರಿಸುವ) ಮಾಡ್ಯೂಲ್. ಸಂಖ್ಯೆ 147573952589676412927, ಅಂದರೆ 2ರ 67ನೇ ಘಾತದಲ್ಲಿ 1 ಕಳೆದದ್ದು. 1644ರಲ್ಲಿ ಗಣಿತಜ್ಞ ಮೆರ್ಸೆನ್ ಇದನ್ನು ಅವಿಭಾಜ್ಯ ಎಂದಿದ್ದರು. ಅಲ್ಲ ಎಂದು 1876ರಲ್ಲಿ ಗಣಿತಜ್ಞ ಲೂಕಾ ತೋರಿಸಿದರು, ಆದರೆ ಅಪವರ್ತನ ಸಿಗಲಿಲ್ಲ. 1903ರಲ್ಲಿ ಗಣಿತಜ್ಞ ಕೋಲ್ ಕಂಡುಹಿಡಿದರು: 193707721 × 761838257287. ಮೂರು ವರ್ಷದ ಭಾನುವಾರಗಳು ಹಿಡಿದವಂತೆ. ನನ್ನ ಪೆಟ್ಟಿಗೆ ಇದನ್ನು ತಾನೇ ಹುಡುಕಬೇಕು.

ಬೆಂಗಳೂರಿನ ಅಂಗಡಿಯವನ ಪುಣ್ಯ, ಎರಡನೇ ಮಾಡ್ಯೂಲಿನ ಆರನೇ ಅಂಕಿಗೆ ನಡುಗೆರೆ ಹತ್ತುವುದಿಲ್ಲ. ಇಡೀ ಸಂಖ್ಯೆಯಲ್ಲಿ ಇರುವುದು ಒಂದೇ 8. ಅದು ಅಲ್ಲೇ ಬಂದು ಕೂತು 0 ಆಗಬೇಕೇ? ಫೋನ್ ಮಾಡಿದರೆ, "ಟೆಸ್ಟ್ ಮಾಡೇ ಕಳಿಸಿದ್ದು ಸಾರ್."

ನಿಜವಾದ ಕಾಟ ಬೇರೆ. ಸಂಖ್ಯೆ ಪೂರ್ಣಾಂಕಕ್ಕೆ ಸಿಗುವ 64 ಬಿಟ್‌ಗೆ (0-1ರ 64 ಮನೆಗಳಿಗೆ) ಹಿಡಿಸುವುದಿಲ್ಲ, 3 ಬಿಟ್ ಜಾಸ್ತಿ. ಸುಮ್ನೆ ಡಬಲ್‌ನಲ್ಲಿ, ಅಂದರೆ ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ದಶಮಾಂಶ ಮಾದರಿಯಲ್ಲಿ ಹಾಕಿ, ಬೆಸ ಸಂಖ್ಯೆಗಳಿಂದ ಭಾಗಿಸಲು ಬಿಟ್ಟು ಮಲಗಿದೆ. ಬೆಳಗ್ಗೆ ಏನೂ ಇಲ್ಲ. ಮರುದಿನವೂ ಇಲ್ಲ. "ಯಾಕೋ ತಮ್ಮಾ, ಇನ್ನೂ ಭಾಗಾಕಾರ ಮುಗೀಲಿಲ್ಲೇನು?" ಅಂತ ಅವ್ವ.

ಕಾಯುವಾಗ ತಲೆಗೆ ಬಂದದ್ದು: ಮುಂದಿನ ಪೆಟ್ಟಿಗೆ ಗೋಳಗುಮ್ಮಟಕ್ಕೆ. ಮೇಲಿನ ಗ್ಯಾಲರಿಯಲ್ಲಿ ಮೈಕ್ ಇಟ್ಟು, ಒಂದು ಚಪ್ಪಾಳೆ ಎಷ್ಟು ಸಲ ಮರಳುತ್ತದೆ ಅಂತ ಎಣಿಸಬೇಕು. ಒಬ್ಬರು 7 ಅಂತಾರೆ, ಇನ್ನೊಬ್ಬರು 10. ಅಲ್ಲಿ ಕೂಗುವ ಹುಡುಗರನ್ನು ಸೋಸುವ ಫಿಲ್ಟರ್ ಮಾತ್ರ ಎಲ್ಲೂ ಸಿಗುವುದಿಲ್ಲ.

ಇರಲಿ. ಇವತ್ತು ಸಿಟ್ಟಿಗೆದ್ದು ನೇರವಾಗಿ ಕೋಲ್‌ ಅವರ 193707721ನ್ನೇ ಕೊಟ್ಟೆ. ಶೇಷ 1 ಬಂತು. ಸೊನ್ನೆ ಅಲ್ಲ, ಸರಿಯಾಗಿ 1! ಆಗ ಹೊಳೆಯಿತು. ಡಬಲ್‌ಗೆ ನಿಖರವಾಗಿ ನೆನಪಿರುವುದು 53 ಬಿಟ್. ನಾನು ಕಳೆದ 1 ನಿಜವಾಗಿಯೂ ಕಳೆದುಹೋಗಿತ್ತು! ಒಳಗಿದ್ದದ್ದು ಬರೀ 2ರ 67ನೇ ಘಾತ. ಅದನ್ನು ಯಾವ ಬೆಸ ಸಂಖ್ಯೆಯಿಂದ ಭಾಗಿಸಿದರೂ ಶೇಷ ಸೊನ್ನೆ ಬರುವುದುಂಟೇ? ಡಿಸ್‌ಪ್ಲೇಗೆ ಅಂಕಿಗಳನ್ನು ಪಠ್ಯವಾಗಿ ಬರೆದಿದ್ದರಿಂದ ಹೊರಗೆ ಎಲ್ಲ ಸರಿಯಾಗೇ ಕಾಣುತ್ತಿತ್ತು.

ಈಗ ದೊಡ್ಡ ಸಂಖ್ಯೆಯ ಗೊಡವೆಯೇ ಬೇಡ. 1ರಿಂದ ಶುರು ಮಾಡಿ ದುಪ್ಪಟ್ಟು ಮಾಡು, ಭಾಜಕ ದಾಟಿದರೆ ಭಾಜಕ ಕಳೆ. ಹೀಗೆ 67 ಸಲ. ಕೊನೆಗೆ 1 ಉಳಿದರೆ, ಆ 1 ಕಳೆದಾಗ ಶೇಷ ಸೊನ್ನೆ, ಅಪವರ್ತನ ಸಿಕ್ಕಿದ ಹಾಗೆ. ಎಲ್ಲ ಬೆಸ ಸಂಖ್ಯೆಗಳೂ ಬೇಡ, 134ರ (67ರ ಎರಡರಷ್ಟು) ಗುಣಕಕ್ಕೆ 1 ಕೂಡಿಸಿದವು ಸಾಕು, ಈ ಸಂಖ್ಯೆಯ ಅಪವರ್ತನ ಆ ರೂಪದಲ್ಲೇ ಇರುತ್ತದೆ. 134 × 1445580 + 1ಕ್ಕೆ ಪೆಟ್ಟಿಗೆ ನಿಂತಿತು. ಕೆಲವೇ ಸೆಕೆಂಡ್! ಇನ್ನೊಂದು ಅಪವರ್ತನಕ್ಕೆ ಶಾಲೆಯ ಉದ್ದ ಭಾಗಾಕಾರವನ್ನೇ ಬರೆದೆ.

ಆಮೇಲೆ ಇಡೀ ಸಂಖ್ಯೆಯನ್ನು ಮೂರು ಮನೆ ಎಡಕ್ಕೆ ಸರಿಸಿದೆ. ಕೆಟ್ಟ ಜಾಗಕ್ಕೆ ಈಗ 7 ಬರುತ್ತದೆ. ಉತ್ತರ ತೋರಿಸುವಾಗ 1. ಎರಡಕ್ಕೂ ನಡುಗೆರೆ ಬೇಕಿಲ್ಲ. ಅಂಗಡಿಯವನಿಗೆ ಇದು ಗೊತ್ತಾಗಬಾರದು, ನನ್ನ ಹೊಸ ಮಾಡ್ಯೂಲ್ ಇನ್ನೂ ಬಂದಿಲ್ಲ.